ಚಾವಡಿಯಿಲ್ಲದ ಮನೆಯ ವೈಫೈ

ಅಂಧೇರಿ ಪೂರ್ವದ ನಮ್ಮ ಫ್ಲಾಟಿನಲ್ಲಿ ರೂಟರ್ ಇರುವುದು ಬಾಗಿಲ ಪಕ್ಕದ ಚಪ್ಪಲಿ ಗೂಡಿನ ಮೇಲೆ. ಕೇಬಲಿನವರು ತಾರಸಿಯಿಂದ ಇಳಿಸಿದ ಫೈಬರ್ ಚೌಕಟ್ಟಿನ ತೂತಿನಿಂದ ಒಳಬಂದು ಅಲ್ಲೇ ಮುಗಿಯುತ್ತದೆ. ಕಳೆದ ಮಳೆಗಾಲದ ಒಂದು ಭಾನುವಾರ, ಹೊರಗೆ ಕಾಲಿಡಲಾರದಷ್ಟು ನೀರು ನಿಂತಿದ್ದಾಗ, ರೂಟರಿನ ಪುಟ ತೆರೆದು ಅದಕ್ಕೆ ಸೇರಿಕೊಂಡ ಸಾಧನಗಳನ್ನು ಎಣಿಸಿದೆ. ನಾಲ್ಕು ಜನರ ಮನೆಯಲ್ಲಿ 19 ಹೆಸರುಗಳಿದ್ದವು. ಫೋನು 5, ಲ್ಯಾಪ್‌ಟಾಪ್ 3, ಮಗಳ ಟ್ಯಾಬ್, ಪ್ರಿಂಟರ್, ಟಿವಿ, ಟಿವಿಗೆ ಚುಚ್ಚಿದ ಸ್ಟಿಕ್, ಸ್ಪೀಕರ್, ಎಸಿ, ಬಾಗಿಲ ಕ್ಯಾಮೆರಾ, ಸ್ಮಾರ್ಟ್ ಪ್ಲಗ್ 3. ಹತ್ತೊಂಬತ್ತನೆಯದು ಏನೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಂದು ಗಂಟೆ ಹುಡುಕಿದ ಮೇಲೆ ಕಪಾಟಿನ ಹಿಂದೆ ಸಿಕ್ಕಿತು: ಎರಡು ವರ್ಷದ ಹಿಂದೆ ದೀಪಾವಳಿಯ ಸರದೀಪಕ್ಕೆಂದು ತಂದ ಇನ್ನೊಂದು ಪ್ಲಗ್. ಅಷ್ಟು ಕಾಲವೂ ಅದು ನನ್ನ ಹೆಂಡತಿಯ ಆಫೀಸ್ ಲ್ಯಾಪ್‌ಟಾಪ್ ಇರುವ ಜಾಲದಲ್ಲೇ ಕುಳಿತಿತ್ತು.

ನಮ್ಮ ಕರಾವಳಿಯ ಹಳೆಯ ಮನೆಗಳಿಗೆ ಅಂಗಳ, ಜಗಲಿ, ಚಾವಡಿ, ಒಳಮನೆ ಎಂದು ಹಂತಗಳಿದ್ದವು. ಆ ಹಂತಗಳಲ್ಲಿ ಜಾತಿಯ ಅನ್ಯಾಯವೂ ಬೆರೆತಿತ್ತು, ಅದು ತೊಲಗಬೇಕಾದದ್ದೇ. ಆದರೆ ಕೆಲಸವಿರುವಷ್ಟೇ ಒಳಗೆ ಬರುವುದು ಎಂಬ ತಿಳಿವಳಿಕೆಯೂ ಅದರಲ್ಲಿತ್ತು. ಮುಂಬಯಿಯ ಒಂದು ಬೆಡ್‌ರೂಮಿನ ಮನೆಗೆ ಚಾವಡಿಯಿಲ್ಲ, ಬಾಗಿಲು ತೆರೆದರೆ ಹಾಲ್, ಹಾಲ್‌ನಲ್ಲೇ ಸಂಸಾರ. ನಮ್ಮ ವೈಫೈ ಕೂಡ ಹಾಗೆಯೇ ಇದೆ. ಗೋಡೆ ಕಟ್ಟಿ ಕೋಣೆ ಹೆಚ್ಚಿಸುವುದು ಈ ಊರಿನಲ್ಲಿ ನಮ್ಮ ಕೈಲಾಗದ ಮಾತು. ಜಾಲದಲ್ಲಿ ಕೋಣೆ ಮಾಡಿಕೊಳ್ಳಬಹುದು, ಅದಕ್ಕೆ ಚದರಡಿ ಬೇಕಿಲ್ಲ. ಮಾಡಿಕೊಳ್ಳಬೇಕೇ, ಎಷ್ಟು, ಹೇಗೆ, ಮಾಡಿದರೆ ಏನು ಉಳಿಯುತ್ತದೆ, ಏನು ಕೆಡುತ್ತದೆ ಎಂಬುದನ್ನು ಒಟ್ಟಾಗಿ ನೋಡುವ ಪ್ರಯತ್ನ ಈ ಲೇಖನ.

ಒಳಗಿದ್ದವರೆಲ್ಲ ನಂಟರು ಎಂಬ ನಂಬಿಕೆ

ಮನೆಯ ಸಾಧನಗಳ ವಿಳಾಸ ಸಾಮಾನ್ಯವಾಗಿ 192.168 ಎಂದು ಶುರುವಾಗುತ್ತದೆ. ಖಾಸಗಿ ಜಾಲಗಳಿಗೆಂದೇ ಕೆಲವು ವಿಳಾಸಗಳನ್ನು ಮೀಸಲಿಟ್ಟ ಈಗಿನ ಒಪ್ಪಂದ 1996ರದು. ಈ ವಿಳಾಸಗಳು ಹೊರಗಿನ ಇಂಟರ್ನೆಟ್ಟಿಗೆ ಕಾಣುವುದಿಲ್ಲ. ಒಳಗಿನ ಸಾಧನ ಹೊರಗೆ ಮಾತು ತೆಗೆದರೆ ಅದರ ಉತ್ತರವನ್ನು ರೂಟರ್ ಒಳಗೆ ಬಿಡುತ್ತದೆ, ಹೊರಗಿನವರು ತಾವಾಗಿ ಬಂದು ಬಾಗಿಲು ತಟ್ಟಿದರೆ ಬಿಡುವುದಿಲ್ಲ. ಹಾಗಾಗಿ ರೂಟರ್ ನಮಗೆ ಒಂದು ಬಾಗಿಲನ್ನು ಪುಕ್ಕಟೆಯಾಗಿ ಕೊಟ್ಟಿದೆ.

ಆದರೆ ಅದು ಒಂದೇ ಬಾಗಿಲು. ಅದರೊಳಗೆ ಬಂದ ಮೇಲೆ ಎಲ್ಲ ಸಾಧನಗಳೂ ಒಂದನ್ನೊಂದು ನೋಡಬಹುದು, ಕೂಗಿ ಕರೆಯಬಹುದು. ಮನೆಯಲ್ಲಿ ಒಂದೇ ಕಂಪ್ಯೂಟರ್ ಇದ್ದ ಕಾಲಕ್ಕೆ ಇದು ಸರಿಯಾಗಿತ್ತು. ಈಗ ಒಳಗಿರುವವರಲ್ಲಿ ಅರ್ಧದಷ್ಟು ಮಂದಿಯ ತಂತ್ರಾಂಶವನ್ನು ತಯಾರಕರು ಮಾರಿದ ದಿನದಿಂದ ತಿರುಗಿ ನೋಡಿಲ್ಲ. 2020ರ ಮಾರ್ಚಿನ ನಂತರ ಅಂಧೇರಿಯ ಸೀಪ್ಝ್, ಮರೋಳದ ಆಫೀಸುಗಳ ಕೆಲಸವೆಲ್ಲ ಊಟದ ಮೇಜಿನ ಮೇಲೆ ಬಂದು ಕುಳಿತಾಗ, ಬ್ಯಾಂಕಿನ ಕಡತವೂ ನೂರಿನ್ನೂರು ರೂಪಾಯಿ ಉಳಿಸಲು ಕೊಂಡ ಕ್ಯಾಮೆರಾವೂ ಒಂದೇ ಹಾಲಿನಲ್ಲಿ ಎದುರುಬದುರಾದವು.

ನಡೆದ ನಾಲ್ಕು ಘಟನೆಗಳು

ಭಾಗ ಮಾಡಿದರೆ ಏನು ಲಾಭ ಎಂಬುದನ್ನು ಊಹೆಯಿಂದ ಹೇಳುವುದಕ್ಕಿಂತ ನಡೆದದ್ದನ್ನು ಇಟ್ಟುಕೊಂಡು ಅಳೆಯುವುದು ಒಳ್ಳೆಯದು.

ಮೊದಲನೆಯದು ಮಿರಾಯ್. 2016ರಲ್ಲಿ ಹರಡಿದ ಈ ಕುತಂತ್ರಾಂಶದ ಬಳಿ ಇದ್ದದ್ದು ತಯಾರಕರು ಹಾಕಿಕೊಟ್ಟ 60ಕ್ಕೂ ಹೆಚ್ಚು ಹೆಸರು–ಪಾಸ್‌ವರ್ಡ್ ಜೋಡಿಗಳ ಪಟ್ಟಿ, ಅಷ್ಟೇ. ಅದನ್ನು ಹಿಡಿದು ಇಂಟರ್ನೆಟ್ಟಿಗೆ ನೇರವಾಗಿ ತೆರೆದುಕೊಂಡಿದ್ದ ಜಗತ್ತಿನ ಕ್ಯಾಮೆರಾ, ಡಿವಿಆರ್, ರೂಟರುಗಳ ಬಾಗಿಲು ತಟ್ಟುತ್ತ ಹೋಯಿತು. ಅಕ್ಟೋಬರ್ 21ರಂದು ಆ ಸಾಧನಗಳ ಸೇನೆ ತಾಣಗಳ ಹೆಸರನ್ನು ವಿಳಾಸವಾಗಿಸಿಕೊಡುವ ಡಿನ್ ಎಂಬ ಕಂಪನಿಯ ಮೇಲೆ ಮುಗಿಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಅಮೆರಿಕದ ದೊಡ್ಡ ಭಾಗಕ್ಕೆ ಸಿಗದೇ ಹೋದವು.

ಎರಡನೆಯದು ನಮ್ಮದೇ ಸುದ್ದಿ. 2017ರ ಜುಲೈ ಕೊನೆಯಲ್ಲಿ ಬಿಎಸ್‌ಎನ್‌ಎಲ್ ಮತ್ತು ಮುಂಬಯಿ–ದೆಹಲಿಯ ಎಂಟಿಎನ್‌ಎಲ್ ಜಾಲಗಳ ಮೋಡೆಮ್‌ಗಳು ಒಮ್ಮೆಲೇ ಸತ್ತಂತಾದವು. ತೊಂದರೆಗೊಳಗಾದವರಲ್ಲಿ ಕರ್ನಾಟಕದ ಗ್ರಾಹಕರೂ ಇದ್ದರು. ಆಗಿನ ವರದಿಗಳ ಪ್ರಕಾರ ಸುಮಾರು 60,000 ಮೋಡೆಮ್‌ಗಳಿಗೆ ಏಟು ಬಿದ್ದಿತ್ತು. ಬ್ರಿಕರ್‌ಬಾಟ್ ಎಂಬ ಆ ಕುತಂತ್ರಾಂಶ ಕದಿಯುವುದಿಲ್ಲ, ಸಾಧನವನ್ನೇ ಕೆಡಿಸುತ್ತದೆ. ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಬಿಎಸ್‌ಎನ್‌ಎಲ್ ಗ್ರಾಹಕರಿಗೆ ಹೇಳಬೇಕಾಯಿತು.

ಮೂರನೆಯದು ಅದೇ ವರ್ಷದ ಜೂನ್ 27ರಂದು ನಡೆದದ್ದು. ಉಕ್ರೇನಿನ ಒಂದು ಲೆಕ್ಕಪತ್ರ ತಂತ್ರಾಂಶದ ಮೂಲಕ ಹೊರಬಿದ್ದ ನಾಟ್‌ಪೆಟ್ಯಾ, ಹಡಗು ಕಂಪನಿ ಮೇರ್ಸ್ಕ್‌ನ ಜಾಲಕ್ಕೆ ಸಿಕ್ಕಿಕೊಂಡಿತು. ಒಳಗೆ ತಡೆಗೋಡೆಗಳು ಸಾಲದೆ ಒಂದು ಯಂತ್ರದಿಂದ ಇನ್ನೊಂದಕ್ಕೆ ಹಾರುತ್ತ ದೇಶಾಂತರ ಹೋಯಿತು. ಮುಂಬಯಿ ಕೊಲ್ಲಿಯ ಆಚೆ ನ್ಹಾವಾ ಶೇವಾದ ಜೆಎನ್‌ಪಿಟಿ ಬಂದರಿನಲ್ಲಿ ಆ ಕಂಪನಿ ನಡೆಸುತ್ತಿದ್ದ ಟರ್ಮಿನಲ್ ಸ್ತಬ್ಧವಾಯಿತು. 4,000 ಸರ್ವರ್, 45,000 ಕಂಪ್ಯೂಟರ್‌ಗಳನ್ನು ಹತ್ತು ದಿನದಲ್ಲಿ ಮತ್ತೆ ಕಟ್ಟಬೇಕಾಯಿತೆಂದು ಕಂಪನಿಯ ಅಧ್ಯಕ್ಷರೇ ಮರುವರ್ಷ ದಾವೋಸ್‌ನಲ್ಲಿ ಹೇಳಿದರು.

ನಾಲ್ಕನೆಯದು ಮನಸ್ಸು ಕಲಕುವಂಥದ್ದು. 2025ರ ಫೆಬ್ರವರಿಯಲ್ಲಿ ರಾಜ್‌ಕೋಟ್‌ನ ಒಂದು ಹೆರಿಗೆ ಆಸ್ಪತ್ರೆಯ ಸಿಸಿಟಿವಿ ದೃಶ್ಯಗಳು ಮಾರಾಟಕ್ಕೆ ಬಂದವು. ತನಿಖೆ ಬೆಳೆದಂತೆ ದೇಶದ ಹಲವು ನಗರಗಳ ಕ್ಯಾಮೆರಾಗಳಿಂದ ತೆಗೆದ ಸುಮಾರು 50,000 ತುಣುಕುಗಳ ಮಾತು ಹೊರಬಿತ್ತು. ಬದಲಿಸದೆ ಬಿಟ್ಟ ಸುಲಭ ಪಾಸ್‌ವರ್ಡುಗಳೇ ಕಳ್ಳರಿಗೆ ದಾರಿಯಾಗಿದ್ದವು.

ಈಗ ಪ್ರಾಮಾಣಿಕವಾಗಿ ಲೆಕ್ಕ ಹಾಕೋಣ. ಜಾಲವನ್ನು ಭಾಗ ಮಾಡಿದ್ದರೆ ಈ ನಾಲ್ಕರಲ್ಲಿ ಯಾವುದು ನಿಲ್ಲುತ್ತಿತ್ತು? ಮಿರಾಯ್ ನಿಲ್ಲುತ್ತಿರಲಿಲ್ಲ, ಬೇರೆ ಕೋಣೆಯಲ್ಲಿದ್ದ ಕ್ಯಾಮೆರಾಕ್ಕೂ ಹೊರಗಿನ ದಾರಿ ಇದ್ದೇ ಇರುತ್ತಿತ್ತು. ಮೋಡೆಮ್ ಸಾಯುವುದೂ ತಪ್ಪುತ್ತಿರಲಿಲ್ಲ, ಅಲ್ಲಿ ಬಿದ್ದದ್ದೇ ಬಾಗಿಲು. ರಾಜ್‌ಕೋಟ್‌ನ ದೃಶ್ಯಗಳೂ ಸೋರುತ್ತಿದ್ದವು. ಸ್ಪಷ್ಟ ಲಾಭವಾಗುತ್ತಿದ್ದದ್ದು ಮೂರನೆಯದಕ್ಕೆ ಮಾತ್ರ. ಒಳಗೆ ಬಂದ ಕೇಡು ಪಕ್ಕದ ಸಾಧನಕ್ಕೆ ಹರಡುವುದು ಎಂಬ ಒಂದೇ ಕಾಯಿಲೆಗೆ ಭಾಗ ಮಾಡುವುದು ಮದ್ದು. ಎಲ್ಲ ಕಾಯಿಲೆಗೂ ಇದೇ ಕಷಾಯ ಎಂದು ಹೇಳುವವರನ್ನು ನಂಬಬೇಡಿ. ಹಾಗೆಂದು ಆ ಒಂದು ಕಾಯಿಲೆ ಸಣ್ಣದಲ್ಲ. ಅಮೆರಿಕದ ಎಫ್‌ಬಿಐನ ಒಂದು ಕಚೇರಿ ಫ್ರಿಜ್ಜು, ಲ್ಯಾಪ್‌ಟಾಪ್ ಒಂದೇ ಜಾಲದಲ್ಲಿರಬಾರದೆಂದು 2019ರ ಡಿಸೆಂಬರಿನಲ್ಲೇ ಜನರಿಗೆ ತಿಳಿಹೇಳಿತ್ತು. 2023ರ ಫೆಬ್ರವರಿಯಲ್ಲಿ ಆ ದೇಶದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ಮನೆಯವರಿಗೆ, ಅತಿಥಿಗಳಿಗೆ, ಸ್ಮಾರ್ಟ್ ಸಾಧನಗಳಿಗೆ ಬೇರೆ ಬೇರೆ ವೈಫೈ ಇರಲಿ ಎಂದಿತು.

ಮೂರು ದಾರಿಗಳು

ಅತಿ ಸುಲಭದ ದಾರಿ ಗೆಸ್ಟ್ ನೆಟ್‌ವರ್ಕ್. ಈಗಿನ ಬಹುಪಾಲು ರೂಟರುಗಳಲ್ಲಿ ಈ ಸೌಲಭ್ಯ ಇದೆ, ಖರ್ಚಿಲ್ಲ, ಹತ್ತು ನಿಮಿಷದ ಕೆಲಸ. ಹೆಸರು ಅತಿಥಿಯದಾದರೂ ಅದರಲ್ಲಿ ಕ್ಯಾಮೆರಾ, ಪ್ಲಗ್, ಟಿವಿಗಳನ್ನು ಕೂರಿಸಬಹುದು. ಆದರೆ ಹೆಸರು ಬೇರೆಯಾದ ಮಾತ್ರಕ್ಕೆ ಕೋಣೆ ಬೇರೆಯಾಗಿದೆ ಎಂದು ತಿಳಿಯಬೇಡಿ. ಕೆಲವು ರೂಟರುಗಳಲ್ಲಿ ಗೆಸ್ಟ್ ಸಾಧನಗಳಿಗೆ ಒಳಜಾಲವನ್ನು ತೆರೆದಿಡುವ ಒಂದು ಗುರುತು ಇರುತ್ತದೆ, ಅದು ಹಾಕಿದ್ದರೆ ಗೋಡೆಯೇ ಇಲ್ಲ. ಪರೀಕ್ಷೆ ಸರಳ: ಫೋನನ್ನು ಗೆಸ್ಟ್ ವೈಫೈಗೆ ಸೇರಿಸಿ, ಬ್ರೌಸರಿನಲ್ಲಿ ನಿಮ್ಮ ಪ್ರಿಂಟರಿನ ವಿಳಾಸವನ್ನೂ ರೂಟರಿನ ವಿಳಾಸವನ್ನೂ ಬರೆದು ನೋಡಿ. ಪುಟ ತೆರೆದುಕೊಂಡರೆ ಬಾಗಿಲು ಹಾಕಿಲ್ಲ ಎಂದೇ ಅರ್ಥ.

ಎರಡನೆಯದು ಎರಡು ರೂಟರಿನ ದಾರಿ. ಹಳೆಯ ರೂಟರ್ ಅಟ್ಟದಲ್ಲಿ ಬಿದ್ದಿರುತ್ತದೆ, ಅದನ್ನು ಕಂಪನಿಯ ರೂಟರಿನ ಹಿಂದೆ ಜೋಡಿಸಿದರೆ ಎರಡು ಜಾಲವಾಗುತ್ತದೆ. ಇಲ್ಲಿ ಹೆಚ್ಚಿನವರು ಎಡವುವ ಒಂದು ಜಾಗವಿದೆ, ಅದನ್ನು ಸ್ವಲ್ಪ ನಿಂತು ನೋಡಬೇಕು. ಸಹಜವಾಗಿ ತೋಚುವುದು, ಲ್ಯಾಪ್‌ಟಾಪ್‌ಗಳು ಇದ್ದಲ್ಲೇ ಇರಲಿ, ಅನುಮಾನದ ಕ್ಯಾಮೆರಾಗಳನ್ನು ಹಿಂದಿನ ರೂಟರಿಗೆ ಹಾಕೋಣ ಎಂದು. ಇದು ತಿರುಗಾಮುರುಗಾ. ರೂಟರ್ ತನ್ನ ಒಳಗಿನವರನ್ನು ಹೊರಗೆ ಬಿಡುತ್ತದೆ, ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಹಿಂದಿನ ರೂಟರಿಗೆ ಹೊರಗು ಎಂದರೆ ಮುಂದಿನ ರೂಟರಿನ ಜಾಲ, ಅಂದರೆ ನಿಮ್ಮ ಲ್ಯಾಪ್‌ಟಾಪ್ ಇರುವ ಜಾಗ. ಹಿಂದೆ ಕೂತ ಕ್ಯಾಮೆರಾ ಮುಂದಿನ ಲ್ಯಾಪ್‌ಟಾಪನ್ನು ಸಲೀಸಾಗಿ ಮುಟ್ಟಬಹುದು, ಲ್ಯಾಪ್‌ಟಾಪಿಗೆ ಮಾತ್ರ ಕ್ಯಾಮೆರಾ ಸಿಗುವುದಿಲ್ಲ. ಕಾಯಬೇಕಾದ್ದು ಒಳಮನೆಯಲ್ಲಿ, ಅನುಮಾನದ್ದು ಚಾವಡಿಯಲ್ಲಿ ಇರಬೇಕು. ಲ್ಯಾಪ್‌ಟಾಪು, ಫೋನು ಹಿಂದಿನ ರೂಟರಿಗೆ. ಕ್ಯಾಮೆರಾ, ಪ್ಲಗ್ ಮುಂದಿನದಕ್ಕೆ. ಇನ್ನೂ ಎಚ್ಚರದವರು, ಒಳಮನೆಯ ಮಾತೆಲ್ಲ ಚಾವಡಿ ದಾಟಿಯೇ ಹೊರಗೆ ಹೋಗಬೇಕಲ್ಲ, ಅಲ್ಲಿ ಕಿವಿಗೊಡುವವರಿದ್ದರೆ ಏನು ಮಾಡುವುದು ಎಂದು ಕೇಳುತ್ತಾರೆ. ಅದಕ್ಕೆಂದೇ ಅಮೆರಿಕದ ಭದ್ರತಾ ತಜ್ಞ ಸ್ಟೀವ್ ಗಿಬ್ಸನ್ 2016ರಲ್ಲಿ ಮೂರು ಸಾದಾ ರೂಟರುಗಳ ವಿನ್ಯಾಸ ಸೂಚಿಸಿದರು: ಒಂದು ಬಾಗಿಲಿಗೆ, ಅದರ ಹಿಂದೆ ಅಕ್ಕಪಕ್ಕ ಎರಡು. ಯಾರೂ ಯಾರ ಅಂಗಳವನ್ನೂ ದಾಟಬೇಕಿಲ್ಲ.

ಮೂರನೆಯದು ವಿಲ್ಯಾನ್, ಆಫೀಸುಗಳ ದಾರಿ. ಒಂದೇ ತಂತಿಯಲ್ಲಿ ಹಲವು ಜಾಲಗಳು ಹರಿಯುವಂತೆ ಪ್ರತಿ ಪೊಟ್ಟಣಕ್ಕೆ ಒಂದು ಚೀಟಿ ಅಂಟಿಸುವ ಕ್ರಮ. ಇದರ ಮಾನಕ 1998ರದು. ಚೀಟಿಯ ಅಂಕಿಗೆ 12 ಬಿಟ್ ಜಾಗವಿರುವುದರಿಂದ 4,094 ಜಾಲಗಳವರೆಗೆ ಹೋಗಬಹುದು. ಮನೆಗೆ ಬೇಕಾದದ್ದು ಮೂರೋ ನಾಲ್ಕೋ. ಚೀಟಿ ಅಂಟಿಸಿದರೆ ಕೋಣೆ ಬೇರೆಯಾಗುತ್ತದೆ, ಕಾವಲು ಬರುವುದು ಫೈರ್‌ವಾಲ್ ನಿಯಮಗಳಿಂದ. ಮನೆಯ ಜಾಲದಿಂದ ಸಾಧನಗಳ ಜಾಲಕ್ಕೆ ಹೋಗಬಹುದು, ಆ ಕಡೆಯಿಂದ ಉತ್ತರ ಮಾತ್ರ ಬರಬಹುದು, ತಾನಾಗಿ ಮಾತು ತೆಗೆಯುವಂತಿಲ್ಲ: ಈ ಒಂದು ನಿಯಮ ಮುಕ್ಕಾಲು ಕೆಲಸ ಮಾಡುತ್ತದೆ. ಇದಕ್ಕೆ ವಿಲ್ಯಾನ್ ಬಲ್ಲ ರೂಟರ್ ಬೇಕು, ಅಥವಾ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಬಲ್ಲ ರೂಟರ್. ತಿಂಗಳಿಗೊಮ್ಮೆ ಅದರ ಯೋಗಕ್ಷೇಮ ನೋಡುವ ಒಬ್ಬರೂ ಮನೆಯಲ್ಲಿ ಇರಬೇಕು.

ಭಾಗವಾದ ಮೇಲೆ ಬರುವ ದೂರುಗಳು

ನಾನು ಜಾಲವನ್ನು ಎರಡು ಮಾಡಿದ ಸಂಜೆಯೇ ಅಮ್ಮ ಫೋನು ಹಿಡಿದು ಬಂದರು. "ಯಕ್ಷಗಾನವನ್ನು ಟಿವಿಗೆ ಹಾಕುವ ಗುರುತೇ ಕಾಣುವುದಿಲ್ಲ ಮಗಾ, ನಿನ್ನೆ ಇತ್ತಲ್ಲ." ಕಾರಣ ಇಷ್ಟೆ: ಫೋನು ಟಿವಿಯನ್ನು ಹುಡುಕುವುದು ಇಡೀ ಜಾಲಕ್ಕೆ ಕೇಳುವಂತೆ ಕೂಗಿ. ಈ ಕೂಗು 224.0.0.251 ಎಂಬ ಗೊತ್ತಾದ ವಿಳಾಸಕ್ಕೆ ಹೋಗುತ್ತದೆ, ತನ್ನ ಜಾಲದ ಗಡಿ ದಾಟುವುದಿಲ್ಲ. ಅಮ್ಮನ ಫೋನು ಒಳಮನೆಯಲ್ಲಿ, ಟಿವಿ ಚಾವಡಿಯಲ್ಲಿ, ನಡುವೆ ಗೋಡೆ. ಆ ಕೂಗನ್ನು ಆಚೆಗೆ ದಾಟಿಸುವ ಸೌಲಭ್ಯ ಕೆಲವು ರೂಟರುಗಳಲ್ಲಿದೆ, ನಮ್ಮದರಲ್ಲಿ ಇರಲಿಲ್ಲ. ಯೂಟ್ಯೂಬಿನಲ್ಲಿ ಟಿವಿ ತೋರಿಸುವ ಸಂಖ್ಯೆಯನ್ನು ಫೋನಿನಲ್ಲಿ ಒತ್ತಿ ಎರಡನ್ನೂ ಜೋಡಿಸುವ ದಾರಿಯಿದೆ, ಅದು ಇಂಟರ್ನೆಟ್ ಮೂಲಕ ಹೋಗುವುದರಿಂದ ಒಳಗಿನ ಗೋಡೆ ಅಡ್ಡ ಬರುವುದಿಲ್ಲ. ಒಮ್ಮೆ ಜೋಡಿಸಿಕೊಟ್ಟೆ, ರಾತ್ರಿ ಪ್ರಸಂಗ ಶುರುವಾಯಿತು. ಇಂಥ ದೂರುಗಳನ್ನು ಹಗುರವಾಗಿ ಕಾಣಬಾರದು. ಭದ್ರತೆಯ ಹೆಸರಿನಲ್ಲಿ ಮನೆಯ ಹಿರಿಯರ ಒಂದು ಸಂತೋಷ ಕಿತ್ತುಕೊಂಡರೆ, ನಾಲ್ಕನೆಯ ದಿನ ಯಾರಾದರೂ ಆ ಗೋಡೆಯನ್ನು ತೆಗೆದೇ ತೆಗೆಯುತ್ತಾರೆ.

ಮುಂಬಯಿಗೇ ಸೇರಿದ ಇನ್ನೊಂದು ತೊಡಕು ಗಾಳಿಯದು. ಅಗ್ಗದ ಪ್ಲಗ್, ಕ್ಯಾಮೆರಾಗಳು ಹೆಚ್ಚಾಗಿ 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಕೆಲಸ ಮಾಡುತ್ತವೆ. ಅಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು ಮೂರೇ: 1, 6, 11. ಚಕಾಲಾ, ಜೆ.ಬಿ. ನಗರದಂಥ ಕಡೆ ಕಟ್ಟಡಕ್ಕೆ ಕಟ್ಟಡ ಆತುಕೊಂಡಿರುವಲ್ಲಿ ಕಿಟಕಿಯ ಬಳಿ ಫೋನು ಹಿಡಿದರೆ ಹತ್ತಾರು ವೈಫೈ ಹೆಸರುಗಳು ಕಾಣುತ್ತವೆ. ಪ್ರತಿ ಹೆಸರೂ ಸೆಕೆಂಡಿಗೆ ಸುಮಾರು ಹತ್ತು ಸಲ ತಾನಿದ್ದೇನೆಂದು ಸಾರುತ್ತಿರುತ್ತದೆ. ಒಂದೊಂದು ಸಾಧನಕ್ಕೂ ಒಂದೊಂದು ಹೆಸರಿನ ವೈಫೈ ಮಾಡುತ್ತ ಹೋದರೆ ನಮ್ಮದೂ ನೆರೆಯವರದೂ ವೇಗ ಕುಂದುತ್ತದೆ. ಎರಡು ಹೆಸರು ಸಾಕು, ಮೂರು ಹೆಚ್ಚೆಂದರೆ.

ಐಪಿವಿ6 ಕೂಡ ಗಮನಿಸಬೇಕಾದದ್ದು. ಹೊಸ ವಿಳಾಸ ಕ್ರಮದಲ್ಲಿ ಸಾಧನಗಳಿಗೆ ನೇರ ಹೊರಗಿನ ವಿಳಾಸವೇ ಸಿಗುತ್ತದೆ, ಹಳೆಯ ಪುಕ್ಕಟೆ ಬಾಗಿಲು ಅಲ್ಲಿಲ್ಲ, ಫೈರ್‌ವಾಲೇ ಕಾಯಬೇಕು. ಇಂಟರ್ನೆಟ್ ಕಂಪನಿ ಒಂದೇ ಒಂದು /64 ವಿಳಾಸ ತುಂಡು ಕೊಟ್ಟಿದ್ದರೆ ಅದನ್ನು ಎರಡು ಜಾಲಕ್ಕೆ ಹಂಚುವುದೂ ಕಷ್ಟ. ಭಾಗ ಮಾಡುವವರು ಹಳೆಯ ವಿಳಾಸಕ್ಕೆ ಗೋಡೆ ಕಟ್ಟಿ ಹೊಸ ವಿಳಾಸದ ಕಿಟಕಿ ತೆರೆದಿಟ್ಟು ಮರೆಯುವುದುಂಟು.

ಮನೆಯಾಚೆ: ಹೋಟೆಲಿನ ಗಲ್ಲಾಪೆಟ್ಟಿಗೆ

ಮುಂಬಯಿಯ ಕನ್ನಡಿಗ ಬದುಕಿನಲ್ಲಿ ಮನೆಯಷ್ಟೇ ದೊಡ್ಡದು ಹೋಟೆಲು. ಅಂಧೇರಿ ಸ್ಟೇಷನ್ನಿನ ಆಸುಪಾಸಿನ ಸಣ್ಣ ಹೋಟೆಲುಗಳಲ್ಲಿ ಬಿಲ್ಲಿಂಗ್ ಕಂಪ್ಯೂಟರ್, ಸಿಸಿಟಿವಿಯ ಡಿವಿಆರ್, ಅಡುಗೆಮನೆಯಲ್ಲಿ ಆರ್ಡರ್ ಚೀಟಿ ಬಿಡುವ ಕೆಒಟಿ ಪ್ರಿಂಟರ್, ಗಿರಾಕಿಗಳ ವೈಫೈ ಎಲ್ಲವೂ ಒಂದೇ ರೂಟರಿಗೆ ಸೇರಿರುವುದನ್ನು ಕಂಡಿದ್ದೇನೆ. ಅಂಥ ಪ್ರಿಂಟರುಗಳು ಸಾಮಾನ್ಯವಾಗಿ 9100 ಎಂಬ ದ್ವಾರದಲ್ಲಿ ಬಂದದ್ದನ್ನೆಲ್ಲ ಮುದ್ರಿಸುತ್ತವೆ, ಪಾಸ್‌ವರ್ಡ್ ಕೇಳುವುದಿಲ್ಲ. ಮೂಲೆಯ ಮೇಜಿನಲ್ಲಿ ಕಾಫಿ ಕುಡಿಯುತ್ತ ಕುಳಿತವರೊಬ್ಬರು ಅಡುಗೆಮನೆಗೆ ಇಲ್ಲದ ಆರ್ಡರ್ ಕಳಿಸಬಹುದು. ಪರಿಚಯದ ಹೋಟೆಲಿನ ಅಣ್ಣನಿಗೆ ಇದನ್ನು ಅವರ ಎದುರೇ, ಅವರ ಒಪ್ಪಿಗೆಯಿಂದ, ನನ್ನ ಫೋನಿನಿಂದ ಒಂದು ಸಾಲು ಮುದ್ರಿಸಿ ತೋರಿಸಿದೆ. ಅವರು ಚೀಟಿ ಹರಿದು ನೋಡಿ, "ಇವತ್ತೇ ಬೇರೆ ಮಾಡು" ಎಂದರು. ಗಿರಾಕಿಗಳ ವೈಫೈ ಗೆಸ್ಟಿಗೆ ಹೋಯಿತು, ಅದೇ ಫೋನಿನಿಂದ ಮತ್ತೆ ಪ್ರಯತ್ನಿಸಿದೆವು, ಪ್ರಿಂಟರ್ ಸುಮ್ಮನಿತ್ತು. ಮನೆಗಿಂತ ಹೋಟೆಲು, ಕ್ಲಿನಿಕ್ಕು, ಟ್ಯೂಷನ್ ಕ್ಲಾಸುಗಳಿಗೆ ಈ ಕೆಲಸ ಹೆಚ್ಚು ತುರ್ತಿನದು, ಏಕೆಂದರೆ ಅಲ್ಲಿ ಅಪರಿಚಿತರು ದಿನವೂ ಒಳಗೆ ಬರುತ್ತಾರೆ.

ಬೇಡವೆನ್ನುವವರ ವಾದ

ಇಷ್ಟೆಲ್ಲ ಏಕೆ, ನಮ್ಮ ಜನ ಹಣ ಕಳೆದುಕೊಳ್ಳುತ್ತಿರುವುದು ಫೋನ್ ಕರೆಯಿಂದ, ಒಟಿಪಿಯಿಂದ, ಡಿಜಿಟಲ್ ಅರೆಸ್ಟ್ ಎಂಬ ಬೆದರಿಕೆಯಿಂದ ಎಂದು ಕೆಲವರು ಕೇಳುತ್ತಾರೆ. ಅವರ ಮಾತು ನಿಜ. ಅಮ್ಮನಿಗೆ ಬರುವ ಸುಳ್ಳು ಪೊಲೀಸ್ ಕರೆಯನ್ನು ಯಾವ ವಿಲ್ಯಾನೂ ತಡೆಯದು. ಮೊದಲ ಸ್ಥಾನ ಪಾಸ್‌ವರ್ಡ್ ಬದಲಿಸುವುದಕ್ಕೆ, ರೂಟರಿನ ತಂತ್ರಾಂಶ ಹೊಸದಾಗಿಡುವುದಕ್ಕೆ, ಬೇಡದ ಸಾಧನ ಕಿತ್ತೊಗೆಯುವುದಕ್ಕೆ, ಹಿರಿಯರ ಜೊತೆ ಕುಳಿತು ಮಾತಾಡುವುದಕ್ಕೆ. ಅವಿಷ್ಟೂ ಆದ ಮೇಲೆ ಜಾಲ ಭಾಗ ಮಾಡುವ ಸರದಿ.

ಆದರೆ ಎರಡನೆಯ ಸರದಿ ಎಂದರೆ ಬೇಡವೆಂದಲ್ಲ. ತಯಾರಕರನ್ನು ಕಟ್ಟಿಹಾಕುವ ಕಾನೂನುಗಳು ಈಗಷ್ಟೇ ಕಣ್ಣು ಬಿಡುತ್ತಿವೆ. ಬ್ರಿಟನ್ 2024ರ ಏಪ್ರಿಲ್ 29ರಿಂದ ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಹಾಕಿದ ಸಾಧನಗಳನ್ನು ಮಾರದಂತೆ ತಡೆದಿದೆ. ನಮ್ಮ ಸರ್ಕಾರ 2024ರ ಏಪ್ರಿಲ್‌ನಲ್ಲಿ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆಯ ನಿಯಮ ಹೊರಡಿಸಿ, ಮರುವರ್ಷ ಏಪ್ರಿಲ್‌ನಿಂದ ಕಡ್ಡಾಯ ಮಾಡಿತು. ಇವು ಹೊಸ ಸರಕಿಗೆ. ಈಗಾಗಲೇ ನಮ್ಮ ಗೋಡೆಗಳ ಮೇಲಿರುವ ಹಳೆಯ ಕ್ಯಾಮೆರಾಗಳು ಇನ್ನೂ ಹಲವು ವರ್ಷ ಅಲ್ಲೇ ಇರುತ್ತವೆ. ಅವುಗಳೊಡನೆ ಬದುಕಲು ಗೋಡೆ ಬೇಕು.

ನನ್ನ ನಿಲುವು ಇದು. ಸಾಮಾನ್ಯ ಮನೆಗೆ ಎರಡು ಜಾಲ ಸಾಕು: ಹಣ, ಆಫೀಸು, ಮಕ್ಕಳ ಪಾಠ ಇರುವ ಸಾಧನಗಳು ಒಂದರಲ್ಲಿ, ಉಳಿದದ್ದು ಇನ್ನೊಂದರಲ್ಲಿ. ಎಲ್ಲಿ ಯಾವುದು ಎಂದು ಸಂಶಯ ಬಂದರೆ ಕೇಳಬೇಕಾದ ಪ್ರಶ್ನೆ ಒಂದೇ: ಇದು ಮನೆಯ ಯಾವ ಸಾಧನದೊಡನೆ ಮಾತಾಡಲೇಬೇಕು? ಪ್ಲಗ್ಗಿಗೆ ಲ್ಯಾಪ್‌ಟಾಪ್ ಜೊತೆ ಕೆಲಸವಿಲ್ಲ, ಪ್ರಿಂಟರಿಗೆ ಇದೆ. ಹೀಗೆ ಕೇಳುತ್ತ ಹೋದರೆ ಕೋಣೆಗಳು ತಾವಾಗಿ ಮೂಡುತ್ತವೆ. ಇನ್ನೊಂದು ಒತ್ತಾಯವೂ ಇದೆ. ಈ ಹೊರೆಯನ್ನು ಗೃಹಸ್ಥರ ತಲೆಗೆ ಕಟ್ಟುವುದು ನ್ಯಾಯವಲ್ಲ. ಇಂಟರ್ನೆಟ್ ಕಂಪನಿಗಳು ಮನೆಗೆ ತಂದಿಡುವ ಪೆಟ್ಟಿಗೆಯಲ್ಲೇ ಸಾಧನಗಳಿಗೆ ಬೇರೆ ಜಾಲ ಮೊದಲ ದಿನದಿಂದ ಸಿದ್ಧವಿರಬೇಕು. ಅದರ ಪುಟ ಮರಾಠಿಯಲ್ಲೂ ಕನ್ನಡದಲ್ಲೂ ಓದುವಂತಿರಬೇಕು. ಫೈಬರ್ ಎಳೆಯಲು ಬಂದವರು ಹತ್ತು ನಿಮಿಷ ಹೆಚ್ಚು ನಿಂತು ಅದನ್ನು ತೋರಿಸಿ ಹೋಗಬೇಕು. ಗ್ಯಾಸ್ ಸಿಲಿಂಡರ್ ಜೋಡಿಸುವವರು ಸೋರಿಕೆ ನೋಡದೆ ಹೋದರೆ ನಾವು ಒಪ್ಪುವುದಿಲ್ಲ, ಇಲ್ಲೂ ಒಪ್ಪಬಾರದು.

ನಮ್ಮ ಮನೆಯ ಪಟ್ಟಿಯಲ್ಲಿ ಈಗ 18 ಹೆಸರುಗಳಿವೆ, ಒಳಗೆ 10, ಚಾವಡಿಯಲ್ಲಿ 8. ಕಪಾಟಿನ ಹಿಂದಿನ ಪ್ಲಗ್ಗನ್ನು ಕಿತ್ತು ತೆಗೆದಿದ್ದೇನೆ. ಚಪ್ಪಲಿ ಗೂಡಿನ ಬಾಗಿಲ ಒಳಬದಿಗೆ ಮಗಳು ಒಂದು ಹಾಳೆ ಅಂಟಿಸಿದ್ದಾಳೆ. ಎರಡು ಚೌಕ, ಎರಡು ವೈಫೈ ಹೆಸರು, ಯಾವ ಸಾಧನ ಯಾವುದರಲ್ಲಿ ಎಂದು ದಪ್ಪ ಕನ್ನಡ ಅಕ್ಷರದಲ್ಲಿ. ನಾನು ಊರಲ್ಲಿಲ್ಲದ ದಿನ ಏನಾದರೂ ನಿಂತುಹೋದರೆ ಅಮ್ಮ ಕನ್ನಡಕ ಹಾಕಿಕೊಂಡು ಅದನ್ನು ಓದುತ್ತಾರೆ, ಯಾವ ಚೌಕದ್ದು ಕೆಟ್ಟಿದೆ ಎಂದು ಫೋನಿನಲ್ಲಿ ಹೇಳುತ್ತಾರೆ.